ಸೇವೆಗೆ ಪಗಾರವೇಕೆ ಎನ್ನುವವರಿಗೆ

ವಿಪತ್ತಿನಲ್ಲಿ ನೊಂದವರಿಗೆ ನೆರವಾಗುವ ಸಂಸ್ಥೆಗಳಲ್ಲಿ ದುಡಿಯುವವರು ಸಂಬಳ ತೆಗೆದುಕೊಳ್ಳಬಾರದು ಎಂಬ ಮಾತನ್ನು ನಾನು ಮೂವತ್ತು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಹುಮನಾಬಾದಿನ ಚಹಾದಂಗಡಿಗಳಲ್ಲಿ ಕೇಳಿದ್ದೇನೆ, ಬಸವಕಲ್ಯಾಣದ ಮದುವೆ ಮನೆಗಳಲ್ಲಿ ಕೇಳಿದ್ದೇನೆ, ನನ್ನ ಹಳೆಯ ವಿದ್ಯಾರ್ಥಿಗಳ ಬಾಯಲ್ಲಿಯೂ ಕೇಳಿದ್ದೇನೆ. "ಸೇವಾ ಮಾಡ್ಲಿಕ್ಕ ಪಗಾರ ಯಾಕ ಬೇಕ್ರಿ ಸರ್?" ಎಂದು ಬಹಳ ನಯವಾಗಿಯೇ ಕೇಳುತ್ತಾರೆ. ಕೇಳುವವರಲ್ಲಿ ಕೆಟ್ಟವರು ಯಾರೂ ಇಲ್ಲ. ನೆರೆ ಬಂದಾಗ ಮೊದಲು ಜೇಬಿಗೆ ಕೈಹಾಕುವವರು ಬಹುಪಾಲು ಅವರೇ. ಹಾಗಿದ್ದೂ ಈ ಮಾತು ತಪ್ಪು. ತಪ್ಪು ಮಾತ್ರವಲ್ಲ, ನೊಂದವರಿಗೆ ಹಾನಿ ಮಾಡುವಂಥದು. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ.

ನಿಮ್ಮಲ್ಲಿ ಹಿರಿಯರಿಗೆ 1993 ನೆನಪಿದ್ದೀತು. ಸೆಪ್ಟೆಂಬರ್ 30ರ ಬೆಳಗಿನ ಜಾವ, ಇನ್ನೂ ನಾಲ್ಕು ಗಂಟೆಯಾಗಿರಲಿಲ್ಲ, ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಹಿಂದಿನ ದಿನವಷ್ಟೇ ಅನಂತ ಚತುರ್ದಶಿ. ಗಣಪತಿಯನ್ನು ಕಳುಹಿಸಿ ಬಂದು ದಣಿದು ಮಲಗಿದ್ದ ಜನ. ಸುಮಾರು ಹತ್ತು ಸಾವಿರ ಮಂದಿ ಮಲಗಿದಲ್ಲಿಯೇ ಸತ್ತರು. ಕಂಪನದ ಪ್ರಮಾಣ ರಿಕ್ಟರ್ ಮಾಪನದಲ್ಲಿ ಆರಕ್ಕಿಂತ ತುಸು ಹೆಚ್ಚು, ಅಷ್ಟೇ. ಕೊಂದದ್ದು ಮನೆಗಳು. ಮಣ್ಣಿನಲ್ಲಿ ಕೂರಿಸಿದ ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಬೇಸಗೆಯಲ್ಲಿ ತಂಪಾಗಿರಲೆಂದು ವರ್ಷ ವರ್ಷವೂ ಹಾಕುತ್ತ ಬಂದ ಮಣ್ಣು. ನಮ್ಮ ಕಲ್ಯಾಣ ತಾಲ್ಲೂಕಿನ ಹಳ್ಳಿಗಳ ಮಾಳಿಗೆ ಮನೆಗಳೂ ಹಾಗೆಯೇ ಇದ್ದವು. ಗೆರೆ ಎಳೆದಂತೆ ನೇರವಾಗಿ ಅಳೆದರೆ ಬಸವಕಲ್ಯಾಣದಿಂದ ಕಿಲ್ಲಾರಿ 50 ಕಿಲೋಮೀಟರಿಗಿಂತ ಕಡಿಮೆ ದೂರ. ಆ ಬೆಳಗ್ಗೆ ನಮ್ಮ ಪಾತ್ರೆಗಳೂ ಅಲುಗಿದವು. 1956ರವರೆಗೆ ಆ ಸೀಮೆ, ಈ ಸೀಮೆ ಎರಡೂ ಹೈದರಾಬಾದ್ ರಾಜ್ಯದವು. ನಿಲಂಗಾ, ಉದಗೀರ ಬೀದರ ಜಿಲ್ಲೆಯಲ್ಲಿಯೇ ಇದ್ದವು. ಹೆಣ್ಣು ಕೊಟ್ಟು ತಂದ ಊರುಗಳು. ಸತ್ತವರು ಬೇರೆ ರಾಜ್ಯದವರು ಎಂದು ನಮ್ಮಲ್ಲಿ ಯಾರಿಗೂ ಅನ್ನಿಸಲಿಲ್ಲ.

ಹುಮನಾಬಾದಿನಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದು ಉಮರ್ಗಾಕ್ಕೆ ಹೋಗಿ, ಅಲ್ಲಿಂದ ಬಡಗಣಕ್ಕೆ ತಿರುಗಿದರೆ ಕಿಲ್ಲಾರಿ. ಆ ವಾರ ಆ ದಾರಿಯಲ್ಲಿ ಲಾರಿ, ಟ್ರ್ಯಾಕ್ಟರ್, ಜೀಪುಗಳ ಸಾಲು. ಮನೆ ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಹೊದಿಕೆ ಕಟ್ಟಿ ಕಳುಹಿಸಿದರು. ನಾವು ಏಳು ಮಂದಿ ಶಿಕ್ಷಕರು ಒಂದು ಲಾರಿಯ ಹಿಂದೆ ಕುಳಿತು ಹೋದೆವು. ಅಲ್ಲಿ ಅಗೆಯುತ್ತಿದ್ದವರು ಸೈನಿಕರು. ಮಳೆ ಹಿಡಿದಿತ್ತು, ಚಿತೆಗೆ ಒಣ ಸೌದೆ ಇರಲಿಲ್ಲ. ಹತ್ತು ಊರುಗಳಿಂದ ಬಂದ ಅನ್ನ ದಾರಿಯ ಬದಿಯಲ್ಲಿ ಹಳಸಿ ನಾರುತ್ತಿತ್ತು, ಹೆದ್ದಾರಿಯಿಂದ ಎರಡು ಹರದಾರಿ ಒಳಗಿನ ಹಳ್ಳಿಗೆ ಒಂದು ಬುಟ್ಟಿಯೂ ಮುಟ್ಟಿರಲಿಲ್ಲ. ಯಾವ ಊರಿಗೆ ಏನು ಬೇಕು ಎಂಬ ಪಟ್ಟಿ ಯಾರ ಕೈಯಲ್ಲಿಯೂ ಇಲ್ಲ. ಎಲ್ಲರಿಗೂ ಕಿಲ್ಲಾರಿಯನ್ನೇ ನೋಡಬೇಕು, ಏಕೆಂದರೆ ಪತ್ರಿಕೆಯಲ್ಲಿ ಬಂದ ಹೆಸರು ಅದು.

ನಮ್ಮ ಜನರ ಒಳ್ಳೆಯತನವನ್ನು ನಾನು ಹಗುರ ಮಾಡುತ್ತಿಲ್ಲ. ಆದರೆ ಲೆಕ್ಕ ಲೆಕ್ಕವೇ. ಘಟಸ್ಥಾಪನೆಯ ಹೊತ್ತಿಗೆ ಲಾರಿಗಳು ವಿರಳವಾದವು, ಬನ್ನಿ ಹಂಚುವ ಹೊತ್ತಿಗೆ ನಿಂತೇ ಹೋದವು. ಕಾಳು ಕಡ್ಡಿ ರಾಶಿ ಮಾಡಬೇಕಿತ್ತು, ಅಂಗಡಿ ತೆರೆಯಬೇಕಿತ್ತು, ಶಾಲೆ ನಡೆಸಬೇಕಿತ್ತು. ಅದು ಯಾರ ತಪ್ಪೂ ಅಲ್ಲ. ಮನೆ ಕಳೆದುಕೊಂಡವರು ಮಾತ್ರ ತಗಡಿನ ಶೆಡ್ಡುಗಳಲ್ಲಿ ಉಳಿದರು. ನೆಲಸಮವಾದ 52 ಗ್ರಾಮಗಳನ್ನು ಬೇರೆ ಜಾಗದಲ್ಲಿ ಕಟ್ಟುವ ಕೆಲಸ, ವಿಶ್ವಬ್ಯಾಂಕಿನ ನೆರವು ಇದ್ದೂ, ವರ್ಷಗಳನ್ನೇ ತೆಗೆದುಕೊಂಡಿತು. ಆ ವರ್ಷಗಳಲ್ಲಿ ಅವರ ಜೊತೆ ಇದ್ದವರು ಯಾರು? ನಾವಲ್ಲ. ತಿಂಗಳಿಗಿಷ್ಟು ಎಂದು ಪಗಾರ ಪಡೆಯುತ್ತಿದ್ದ ಕೆಲವೇ ಕೆಲವು ಹುಡುಗ ಹುಡುಗಿಯರು.

ಅವರಲ್ಲಿ ಒಬ್ಬಳ ಕಥೆ ಹೇಳುತ್ತೇನೆ. ಹೆಸರು ಬೇಡ, ಅವಳ ಸಂಸ್ಥೆಯ ಹೆಸರೂ ಬೇಡ. ಸೊಲ್ಲಾಪುರ ಕಡೆಯ ಮರಾಠಿ ಹುಡುಗಿ, ಇಪ್ಪತ್ತೈದರ ಆಸುಪಾಸು. ದೀಪಾವಳಿ ರಜೆಯಲ್ಲಿ ಮತ್ತು ಆಮೇಲೆ ಭಾನುವಾರಗಳಲ್ಲಿ ನಾನು ಅಲ್ಲಿಗೆ ಹೋಗಿ ಬರುತ್ತಿದ್ದಾಗ ಅವಳ ಕೆಲಸವನ್ನು ಹತ್ತಿರದಿಂದ ಕಂಡೆ. ಶೆಡ್ಡಿನ ಮುದುಕಿಯರೂ ಅವಳನ್ನು 'ತಾಈ' ಎನ್ನುತ್ತಿದ್ದರು. ಮರಾಠಿಯಲ್ಲಿ ಅದು ಅಕ್ಕ. ನಮ್ಮ ಕನ್ನಡದ ಕಿವಿಗೆ ತಾಯಿ ಎಂದೇ ಕೇಳುತ್ತಿತ್ತು, ಎಪ್ಪತ್ತರ ಮುದುಕಿ ಮೊಮ್ಮಗಳ ವಯಸ್ಸಿನವಳನ್ನು ಹಾಗೆ ಕರೆಯುವಾಗ ಒಂಥರಾ ಆಗುತ್ತಿತ್ತು. ಅವಳ ಬಳಿ ಒಂದು ಉದ್ದ ನೋಟುಪುಸ್ತಕ. ಅದಕ್ಕೆ ನಮ್ಮ ಶಾಲೆಯ ಹಾಜರಿ ಪುಸ್ತಕದಂತೆ ಗೆರೆ ಹಾಕಿ ಮನೆ ಹಾಕಿಕೊಟ್ಟವನು ನಾನು, ಅಷ್ಟು ಹೆಮ್ಮೆ ನನಗೂ ಇರಲಿ. ಯಾವ ಶೆಡ್ಡು, ಎಷ್ಟು ಜನ ಉಳಿದಿದ್ದಾರೆ, ಯಾರ ಕಾಗದ ಎಲ್ಲಿ ನಿಂತಿದೆ, ಯಾರಿಗೆ ಔಷಧ ಬೇಕು, ಎಲ್ಲವೂ ಅದರಲ್ಲಿ. ನಲವತ್ತಕ್ಕೂ ಮಿಕ್ಕಿದ ಕುಟುಂಬಗಳು.

ಅವುಗಳಲ್ಲಿ ಒಬ್ಬ ವಿಧವೆ. ಗಂಡನೂ ಎರಡು ಮಕ್ಕಳೂ ಹೋಗಿದ್ದರು. ಪರಿಹಾರದ ಕಾಗದ ಮೈದುನನ ಹೆಸರಿನಲ್ಲಿ ಸಿದ್ಧವಾಗಿತ್ತು. ಮನೆಯ ಗಂಡಸು ಅವನೇ ಅಲ್ಲವೇ ಎಂದು ಬರೆದುಕೊಂಡವರ ವಾದ. ಈ ಹುಡುಗಿ ಹನ್ನೊಂದು ಸಲ ತಹಶೀಲ ಕಚೇರಿಗೆ ಹೋದಳು. ಒಂದು ದಿನ ಗುಮಾಸ್ತ ಇಲ್ಲ, ಇನ್ನೊಂದು ದಿನ ಸಾಹೇಬರಿಲ್ಲ, ಮತ್ತೊಂದು ದಿನ ಮದುವೆಯ ಪುರಾವೆ ಬೇಕು. ಮದುವೆಯ ಪುರಾವೆ ಮನೆಯೊಡನೆ ಮಣ್ಣಿನಡಿ ಹೂತಿದೆ ಎಂದರೆ, ಅದಕ್ಕೂ ಒಂದು ಪುರಾವೆ! ಹನ್ನೆರಡನೆಯ ಸಲ ಚೆಕ್ಕು ವಿಧವೆಯ ಹೆಸರಿನಲ್ಲಿ ಬಂತು. ಆಕೆ ಕೈಮುಗಿಯಲಿಲ್ಲ, ಒಂದು ಒಳ್ಳೆಯ ಮಾತನ್ನೂ ಆಡಲಿಲ್ಲ. ಮರುದಿನ ಬೆಳಗ್ಗೆ ಪಕ್ಕದ ಸಾಲಿನ ಇನ್ನೊಬ್ಬ ವಿಧವೆಯ ಕೈಹಿಡಿದು ಕರೆತಂದು, "ಇವಳದೂ ಬರಿ" ಎಂದು ನೋಟುಪುಸ್ತಕದ ಮುಂದೆ ಕೂರಿಸಿದಳು.

ಈ ಕೆಲಸದ ಫಲ ಯಾವುದು ಎಂದು ಕೇಳಿದರೆ ನಾನು ಅದನ್ನೇ ತೋರಿಸುತ್ತೇನೆ. ಆ ದಿನ ಹುಡುಗಿಯ ಮುಖದಲ್ಲಿದ್ದ ಬೆಳಕನ್ನು ನಾನು ಮುವ್ವತ್ತು ವರ್ಷ ಪಾಠ ಹೇಳಿದವನು ಚೆನ್ನಾಗಿ ಬಲ್ಲೆ. ದಡ್ಡನೆನಿಸಿಕೊಂಡ ಹುಡುಗ ಒಂದು ದಿನ ಇದ್ದಕ್ಕಿದ್ದಂತೆ ಭಿನ್ನರಾಶಿಯ ಲೆಕ್ಕ ಬಿಡಿಸಿ, ಪಕ್ಕದವನಿಗೂ ಹೇಳಿಕೊಡತೊಡಗಿದಾಗ ಮಾಸ್ತರನಿಗೆ ಆಗುವ ಸಂತೋಷ ಅದು. ಫೋಟೋದಲ್ಲಿ ಬರುವಂಥದಲ್ಲ.

ಇನ್ನು ಶ್ರಮ. ದೇಹದ ಶ್ರಮವನ್ನು ಎಲ್ಲರೂ ಊಹಿಸುತ್ತಾರೆ. ಮೊದಲ ವಾರದ ವಾಸನೆ ಅವಳ ಊಟವನ್ನು ತಿಂಗಳುಗಟ್ಟಲೆ ಕೆಡಿಸಿತ್ತು. ಒಮ್ಮೆ ಹುಮನಾಬಾದಿನ ನಮ್ಮ ಮನೆಗೆ ಬಂದವಳು ಒಳಗೆ ಮಲಗಲು ಒಪ್ಪಲಿಲ್ಲ; ಚಳಿಯಲ್ಲಿ ಅಂಗಳದಲ್ಲಿ ಹಾಸಿಕೊಂಡಳು. ತೊಲೆ ಕಿರ್ ಎಂದರೆ ಸಾಕು, ಎದ್ದು ಕೂರುತ್ತಿದ್ದಳಂತೆ. ನನ್ನ ಹೆಂಡತಿ ರಾತ್ರಿಯೆಲ್ಲ ಜೊತೆಗಿದ್ದಳು. ಅದಕ್ಕಿಂತ ಕಠಿಣವಾದದ್ದು ಬೈಗುಳ. ನೊಂದವರಿಗೆ ಸರಕಾರದ ಮೇಲೆ ಸಿಟ್ಟು, ದೇವರ ಮೇಲೆ ಸಿಟ್ಟು, ಬದುಕಿ ಉಳಿದ ತಮ್ಮ ಮೇಲೆಯೇ ಸಿಟ್ಟು. ಇವರಲ್ಲಿ ಯಾರೂ ಎದುರಿಗೆ ಸಿಗುವುದಿಲ್ಲ, ಸಿಗುವವಳು ತಾಈ. ಪಕ್ಕದವರಿಗೆ ಎರಡು ಕಂಬಳಿ, ನನಗೆ ಒಂದೇ ಏಕೆ ಎಂದು ಊರೆಲ್ಲ ಕೇಳುವಂತೆ ಬೈಯುತ್ತಿದ್ದರು. ಅವಳು ಕೇಳಿಸಿಕೊಂಡು, ಬರೆದುಕೊಂಡು, ಮುಂದಿನ ಶೆಡ್ಡಿಗೆ ಹೋಗುತ್ತಿದ್ದಳು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹೊಸ ವರ್ಷ ಬಂದು ಕೆಲವು ವಾರಗಳಾದ ಮೇಲೆ ಅವಳ ಪಗಾರ ನಿಂತಿತು. 'ಸಂತ್ರಸ್ತರ ಹಣ ಸಂತ್ರಸ್ತರಿಗೇ ಸೇರಬೇಕು' ಎಂದು ದಾನಿಗಳು ಪಟ್ಟು ಹಿಡಿದಿದ್ದಾರೆ, ಸ್ವಲ್ಪ ದಿನ ಸೇವೆಯೆಂದು ತಿಳಿದು ನಡೆಸಿ ಎಂದು ಸಂಸ್ಥೆಯವರು ಹೇಳಿದರಂತೆ. ಅವಳು ಎರಡು ತಿಂಗಳು ನಡೆಸಿದಳು. ಊರಿನಲ್ಲಿ ತಮ್ಮನ ಕಾಲೇಜಿನ ಫೀ ಕಟ್ಟಬೇಕಿತ್ತು. ಒಂದು ಪತಸಂಸ್ಥೆಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು, ಹೋದಳು. ನೋಟುಪುಸ್ತಕ ಉಳಿಯಿತು, ಅದನ್ನು ಹಿಡಿಯುವವರು ಉಳಿಯಲಿಲ್ಲ. ನಮ್ಮಂಥ ಸ್ವಯಂಸೇವಕರು ಇರಲಿಲ್ಲವೇ ಎಂದು ಕೇಳುತ್ತೀರಿ. ಇದ್ದೆವು, ಭಾನುವಾರಗಳಂದು. ಭಾನುವಾರ ತಹಶೀಲ ಕಚೇರಿಗೆ ಬೀಗ. ಆ ಎರಡನೆಯ ವಿಧವೆಯ ಕಾಗದ ಏನಾಯಿತೆಂದು ಕೇಳಬೇಡಿ.

ಸಂತ್ರಸ್ತರ ಹಣ ಸಂತ್ರಸ್ತರಿಗೇ ಎಂಬ ಆ ಸುಂದರವಾದ ವಾಕ್ಯದಿಂದ ನಷ್ಟವಾದದ್ದು ಯಾರಿಗೆ? ಒಂದು ಪಗಾರ ಉಳಿಸಿ ನಲವತ್ತು ಕುಟುಂಬಗಳ ಕಾಗದಗಳನ್ನು ಕಳೆದರು. ಇದನ್ನು ಉಳಿತಾಯ ಎನ್ನುವವರಿಗೆ ನಾನು ನಾಲ್ಕನೆಯ ಇಯತ್ತೆಯ ಗಣಿತದಲ್ಲಿಯೂ ಪಾಸು ಕೊಡಲಾರೆ.

ಸೇವೆ ಎಂದರೆ ಉಪವಾಸ ಎಂಬ ಈ ನಂಬಿಕೆ ನಮಗೆ ಎಲ್ಲಿಂದ ಬಂತೋ! ಕಲ್ಯಾಣದಿಂದಂತೂ ಬಂದಿಲ್ಲ. ಕಾಯಕ ಎಂಬ ಶಬ್ದವನ್ನು ಜಗತ್ತಿಗೆ ಕೊಟ್ಟ ಊರು ನಮ್ಮದು ಎಂದು ಭಾಷಣ ಮಾಡುವವರೇ ಈ ಪ್ರಶ್ನೆ ಕೇಳುತ್ತಾರೆ. ಕಾಯಕ ಎಂದರೆ ಬಿಟ್ಟಿ ದುಡಿಮೆ ಎಂದು ಯಾವ ಶರಣ ಹೇಳಿದ? ದುಡಿದು ಉಣ್ಣಬೇಕು, ಉಂಡು ಮಿಕ್ಕಿದ್ದಲ್ಲ, ದುಡಿದದ್ದರಲ್ಲಿಯೇ ದಾಸೋಹ ನಡೆಯಬೇಕು ಎಂಬುದು ಅಲ್ಲಿಯ ನಡೆ. ದುಡಿಮೆಗೆ ಪ್ರತಿಫಲವೇ ಇಲ್ಲದಿದ್ದರೆ ದಾಸೋಹ ಯಾವುದರಿಂದ? ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುತ್ತಿದ್ದ ಆಯ್ದಕ್ಕಿ ಮಾರಯ್ಯನ ಕಥೆ ನಿಮಗೆಲ್ಲ ಪಾಠ ಮಾಡಿದ್ದೇನೆ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಹೆಚ್ಚಿನದನ್ನು ಅಲ್ಲಿಯೇ ಚೆಲ್ಲಿ ಬರಲು ಹೇಳಿದಳು. ಗಮನಿಸಿ, ಹೆಚ್ಚಿನದನ್ನು ಮಾತ್ರ. ದಿನದ ಪಾಲನ್ನೂ ಬಿಟ್ಟು ಬಾ ಎನ್ನಲಿಲ್ಲ.

ನಾವು ಇಂದು ಮಾಡುತ್ತಿರುವುದು ಇದರ ತದ್ವಿರುದ್ಧ. ಹೆಚ್ಚಿನದನ್ನು ಲಾರಿಗಟ್ಟಲೆ ಕಳುಹಿಸುತ್ತೇವೆ, ಬೇಕಾದದ್ದಕ್ಕೆ ಕಾಸು ಬಿಚ್ಚುವುದಿಲ್ಲ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ನಾಗಪಟ್ಟಿಣಂ ಕಡೆ ರಸ್ತೆಯ ಬದಿಯಲ್ಲಿ ಹಳೆಯ ಬಟ್ಟೆಗಳು ರಾಶಿ ಬಿದ್ದದ್ದನ್ನು ದೇಶವೇ ನೋಡಿತು. ಮೀನುಗಾರರು ಅವನ್ನು ಮುಟ್ಟಲಿಲ್ಲ, ಏಕೆ ಮುಟ್ಟಬೇಕು? ಬೇರೊಬ್ಬರ ಹರಕು ಉಡುವಷ್ಟು ಗತಿಗೆಟ್ಟವರು ಅವರಾಗಿರಲಿಲ್ಲ, ಸಮುದ್ರ ಬರುವ ಹಿಂದಿನ ದಿನದವರೆಗೆ ದುಡಿದು ತಿಂದವರು. ಆ ರಾಶಿಯನ್ನು ಎತ್ತಿ ಸಾಗಿಸುವುದೇ ಇನ್ನೊಂದು ಕೆಲಸವಾಯಿತು. ಒಂದು ಲಾರಿ ಹಳೆಯ ಬಟ್ಟೆಗೆ ಡೀಸೆಲ್, ಹಮಾಲಿ, ಚಾಲಕನ ಭತ್ಯೆ ಎಲ್ಲವನ್ನೂ ಸಂತೋಷದಿಂದ ಕೊಡುವ ನಾವು, ಯಾರಿಗೆ ಏನು ಬೇಕು ಎಂದು ಮೊದಲೇ ಹೋಗಿ ಕೇಳಿ ಬರುವ ಹುಡುಗಿಯ ಪಗಾರಕ್ಕೆ ಮಾತ್ರ ಮುಖ ತಿರುಗಿಸುತ್ತೇವೆ.

ಕೇಳದೆ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2009ರ ಸೆಪ್ಟೆಂಬರ್ ಕೊನೆಯಲ್ಲಿ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದ ಮೇಲೆ ಬಿದ್ದ ಮಳೆ ಇನ್ನೂರಕ್ಕೂ ಹೆಚ್ಚು ಜೀವ ತೆಗೆಯಿತು. 'ಆಸರೆ' ಎಂಬ ಹೆಸರಿನಲ್ಲಿ ಸರಕಾರವೂ ದಾನಿಗಳೂ ಕೂಡಿ ಹೊಸ ಜಾಗಗಳಲ್ಲಿ ಮನೆ ಕಟ್ಟಿದರು. ದುಡ್ಡು ಸುರಿದವರ ಉದ್ದೇಶ ಒಳ್ಳೆಯದೇ. ಆದರೆ ಎಷ್ಟೋ ಕಡೆ ಆ ಮನೆಗಳು ಖಾಲಿ ಉಳಿದವು: ಹೊಲ ದೂರ, ಎತ್ತು ಕಟ್ಟಲು ಜಾಗವಿಲ್ಲ, ಕಾಳು ಇಡಲು ಮೂಲೆಯಿಲ್ಲ. ಲಾತೂರು ಸೀಮೆಯ ಹೊಸ ಊರುಗಳಲ್ಲಿಯೂ ಇದೇ ದೂರಿತ್ತು. ನಗರದ ಬಡಾವಣೆಯಂತೆ ನೇರ ಬೀದಿಗಳು, ಅಣ್ಣನ ಮನೆ ಒಂದು ತುದಿಗೆ, ತಮ್ಮನದು ಇನ್ನೊಂದು ತುದಿಗೆ, ಓಣಿ ಎಂಬುದೇ ಇಲ್ಲ. ಕಲ್ಲು ಸಿಮೆಂಟಿಗೆ ಹಣವಿತ್ತು. ಮನೆ ಮನೆಗೆ ಹೋಗಿ ಆರು ತಿಂಗಳು ಕುಳಿತು ಮಾತಾಡುವವರಿಗೆ ಇರಲಿಲ್ಲ.

ಹಾಗೆ ಕುಳಿತು ಮಾತಾಡಿದ ಉದಾಹರಣೆಯೂ ಅದೇ ಸೀಮೆಯಲ್ಲಿದೆ. ಲಾತೂರು, ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಗಳ ಹಳ್ಳಿಗಳಲ್ಲಿ, ಮನೆ ದುರಸ್ತಿ ಮಾಡಿಕೊಳ್ಳುವ ಕುಟುಂಬಗಳ ಜೊತೆ ಕೆಲಸ ಮಾಡಲು ಪ್ರೇಮಾ ಗೋಪಾಲನ್ ಅವರ ಸ್ವಯಂ ಶಿಕ್ಷಣ ಪ್ರಯೋಗ ಊರ ಹೆಂಗಸರನ್ನೇ 'ಸಂವಾದ ಸಹಾಯಕ'ರನ್ನಾಗಿ ತಯಾರು ಮಾಡಿತು. ಹೊರಗೆ ಬಾರದ ಹೆಂಗಸರು ಗೋಡೆಯ ಮೂಲೆಗೆ ಕಬ್ಬಿಣ ಸರಿಯಾಗಿ ಬಿತ್ತೇ ಎಂದು ಗೌಂಡಿಯನ್ನು ಕೇಳುವಂತಾದರು. ಭಾರತೀಯ ಜೈನ ಸಂಘಟನೆಯವರು ಭೂಕಂಪದ ಸುಮಾರು 1,200 ಮಕ್ಕಳನ್ನು ಪುಣೆಗೆ ಕರೆದೊಯ್ದು ಓದಿಸಿದರು. ಯೋಚಿಸಿ ನೋಡಿ: ಸಾವಿರದ ಇನ್ನೂರು ಮಕ್ಕಳಿಗೆ ವರ್ಷಗಟ್ಟಲೆ ಅಡುಗೆ ಮಾಡುವವರು, ಪಾಠ ಹೇಳುವವರು, ರಾತ್ರಿ ಬೆಚ್ಚಿ ಎದ್ದು ಅಳುವ ಮಗುವಿನ ಪಕ್ಕ ಕೂರುವವರು ಬೇಡವೇ? ಅದು ಭಾನುವಾರದ ಕೆಲಸವೇ?

ವಿಪತ್ತು ಪರಿಹಾರ ಒಂದು ವಿದ್ಯೆ. ಶಿಬಿರದಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಬೇಕು ಎಂದು ಸ್ಫಿಯರ್ ಕೈಪಿಡಿ ಹೇಳುತ್ತದೆ. ಅದರ ಮೊದಲ ಮುದ್ರಣ ಬಂದದ್ದು 2000ದಲ್ಲಿ, ಕಿಲ್ಲಾರಿಯಲ್ಲಿ ಅಂಥದೇನೂ ನಮ್ಮ ಕೈಯಲ್ಲಿರಲಿಲ್ಲ. ಹಂಚುವ ಸಾಲಿನಲ್ಲಿ ಬಸುರಿಯನ್ನು ಎಲ್ಲಿ ನಿಲ್ಲಿಸಬೇಕು, ಹೆಂಗಸರ ಪಾಯಖಾನೆಗೆ ದೀಪ ಎಲ್ಲಿರಬೇಕು, ಮಗ ಸತ್ತ ತಾಯಿಗೆ ಯಾವ ಮಾತು ಹೇಳಬಾರದು, ಇವನ್ನೆಲ್ಲ ಕಲಿಯಬೇಕು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಒಡಿಶಾದ 1999ರ ಚಂಡಮಾರುತ, 2001ರ ಗುಜರಾತ್ ಭೂಕಂಪ, ಸುನಾಮಿ, ಇವುಗಳ ನಂತರ ಊರೂರಿನ ಕಾರ್ಯಕರ್ತರಿಗೆ ಮನಸ್ಸಿನ ಆರೈಕೆಯ ತರಬೇತಿ ಕೊಟ್ಟಿತು. ನೊಂದವರ ಮನಸ್ಸಷ್ಟೇ ಅಲ್ಲ, ದಿನವೂ ಅವರ ನಡುವೆ ಇರುವವರ ಮನಸ್ಸೂ ದಣಿಯುತ್ತದೆ ಎಂಬುದನ್ನು ಒಪ್ಪಿಕೊಂಡ ತರಬೇತಿ ಅದು. ಅಂಗಳದಲ್ಲಿ ಮಲಗಿದ ಆ ಹುಡುಗಿಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ, ತನಗೇ ಹುಚ್ಚು ಹಿಡಿಯುತ್ತಿದೆಯೇ ಎಂದು ನನ್ನ ಹೆಂಡತಿಯನ್ನು ಕೇಳಿದ್ದಳು.

ಕಾನೂನೂ ಈಗ ಅದೇ ದಾರಿ ಹಿಡಿದಂತಿದೆ. ವಿದೇಶದಿಂದ ಬರುವ ದೇಣಿಗೆಯಲ್ಲಿ ಆಡಳಿತ ವೆಚ್ಚಕ್ಕೆ ನೂರಕ್ಕೆ 50ರವರೆಗೆ ಅವಕಾಶವಿತ್ತು, 2020ರ ತಿದ್ದುಪಡಿ ಅದನ್ನು 20ಕ್ಕೆ ಇಳಿಸಿತು. ಆಸ್ಪತ್ರೆಯ ವೈದ್ಯರ, ಶಾಲೆಯ ಶಿಕ್ಷಕರ ಸಂಬಳ ಅದರಲ್ಲಿ ಸೇರುವುದಿಲ್ಲ, ನಿಜ. ಮೋಸ ಮಾಡುವ ಸಂಸ್ಥೆಗಳಿವೆ ಎಂಬುದೂ ನಿಜ. ಸಂತ್ರಸ್ತರ ಹೆಸರಿನಲ್ಲಿ ಜೀಪು ಕೊಂಡು ಮಗನ ಮದುವೆಗೆ ಓಡಿಸಿದವರನ್ನು ನಾನೂ ನೋಡಿದ್ದೇನೆ. ಅಂಥವರನ್ನು ಲೆಕ್ಕಪರಿಶೋಧನೆಯಿಂದ ಹಿಡಿಯಿರಿ, ಬಿಡಬೇಡಿ. ಕಳ್ಳನೊಬ್ಬ ಹಾಜರಿ ಪುಸ್ತಕದಲ್ಲಿ ಸುಳ್ಳು ಸಹಿ ಮಾಡಿದನೆಂದು ಶಾಲೆಯ ಎಲ್ಲ ಶಿಕ್ಷಕರ ಸಂಬಳ ನಿಲ್ಲಿಸಿದರೆ ಪಾಠ ಹೇಳುವವರು ಯಾರು? ಪುಸ್ತಕಕ್ಕೆ ದುಡ್ಡು ಕೊಡುತ್ತೇವೆ, ಮಾಸ್ತರನಿಗೆ ಕೊಡುವುದಿಲ್ಲ ಎನ್ನುವ ಶಾಲೆಯಲ್ಲಿ ನೀವು ಓದಿದ್ದರೆ ಇಂದು ಈ ಬರಹವನ್ನು ಓದುತ್ತಿರಲಿಲ್ಲ.

ನನ್ನ ಸಿಟ್ಟು ದಾನಿಗಳ ಮೇಲಷ್ಟೇ ಇದೆಯೆಂದು ಸಂಸ್ಥೆ ನಡೆಸುವವರು ಖುಷಿಪಡುವುದು ಬೇಡ. ನಮ್ಮ ಬಂಧುವರ್ಗದ ಒಬ್ಬ ಹುಡುಗಿ ಈಗ ಇಂಥ ಕೆಲಸದಲ್ಲಿದ್ದಾಳೆ. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಕಲಬುರಗಿ ಜಿಲ್ಲೆಯ ಊರುಗಳಿಗೆ ನುಗ್ಗಿದಾಗ ಕೊರೋನಾದ ಭಯದ ನಡುವೆಯೇ ದೋಣಿಯಲ್ಲಿ ಹೋಗಿ ಪಟ್ಟಿ ಮಾಡಿದವಳು. ಮೂರು ಮೂರು ತಿಂಗಳ ಕರಾರು; ರಜೆಯಿಲ್ಲ, ವಿಮೆಯಿಲ್ಲ. ದೋಣಿ ಹತ್ತುವವಳಿಗೆ ವಿಮೆಯಿಲ್ಲ! ಕೇಳಿದರೆ, ಸೇವಾಭಾವ ಇದ್ದವರು ಇದನ್ನೆಲ್ಲ ಕೇಳುವುದಿಲ್ಲ ಎಂಬ ಉತ್ತರ. ಅದೇ ಸಂಸ್ಥೆಯ ವಾರ್ಷಿಕ ವರದಿಯ ಮುಖಪುಟದಲ್ಲಿ ಅವಳದೇ ಚಿತ್ರ, ಸೊಂಟದ ಮಟ್ಟ ನೀರಿನಲ್ಲಿ ನಗುತ್ತಿದ್ದಾಳೆ. ಅವಳ ತಂದೆ ತಾಯಿಗೆ ನೆಂಟರ ಮುಂದೆ ಮಗಳ ಪಗಾರ ಹೇಳಲು ಸಂಕೋಚ. ಕಡಿಮೆಯೆಂದು ಒಂದು ಸಂಕೋಚ, ಸೇವೆಗೆ ತೆಗೆದುಕೊಳ್ಳುತ್ತಾಳಲ್ಲ ಎಂದು ಇನ್ನೊಂದು. ಎರಡನ್ನೂ ಹುಟ್ಟಿಸಿದವರು ನಾವೇ, ಈ ಪ್ರಶ್ನೆ ಕೇಳುವ ಕಾಕಾ, ಮಾಮಾ, ಮಾಸ್ತರರು.

ರೆಡ್ ಕ್ರಾಸಿನ ಮೂಲಪುರುಷ ಹೆನ್ರಿ ಡ್ಯುನಾಂಟ್ 1859ರ ಸಾಲ್ಫೆರಿನೋ ಯುದ್ಧಭೂಮಿಯಲ್ಲಿ ಗಾಯಾಳುಗಳನ್ನು ನೋಡಿದವನು. ಜಗತ್ತಿಗೆ ಅಂಥ ಸಂಸ್ಥೆ ಕೊಟ್ಟವನು 1867ರಲ್ಲಿ ದಿವಾಳಿಯಾದ, ತಾನೇ ಹುಟ್ಟಿಸಿದ ಸಮಿತಿಯಿಂದ ಹೊರಬಿದ್ದ, ಅನೇಕ ವರ್ಷ ಬಡತನದಲ್ಲಿ ಮರೆಯಾಗಿದ್ದ. 1901ರಲ್ಲಿ ಮೊದಲ ನೊಬೆಲ್ ಶಾಂತಿ ಪಾರಿತೋಷಕವನ್ನು ಹಂಚಿಕೊಳ್ಳುವ ಹೊತ್ತಿಗೆ ಮುದುಕ. ನಮ್ಮ ಜನ ಇದನ್ನು ತ್ಯಾಗದ ಆದರ್ಶವೆಂದು ಮಕ್ಕಳಿಗೆ ಹೇಳುತ್ತಾರೆ. ನನಗೆ ಇದರಲ್ಲಿ ಆದರ್ಶವೇನೂ ಕಾಣುವುದಿಲ್ಲ. ಅವನ ಸಂಸ್ಥೆ ಇಂದಿಗೂ ಉಳಿದಿರುವುದು ದಾದಿಯರಿಗೆ, ಚಾಲಕರಿಗೆ, ಲೆಕ್ಕ ಬರೆಯುವವರಿಗೆ ತಿಂಗಳು ತಿಂಗಳು ಸಂಬಳ ಕೊಡುವುದರಿಂದ.

ಕಳೆದ ಕೆಲವು ವರ್ಷಗಳಿಂದ ನನ್ನ ಪಿಂಚಣಿಯಲ್ಲಿ ಸ್ವಲ್ಪ ಹಣವನ್ನು ಇಂಥ ಒಂದು ಸಂಸ್ಥೆಗೆ ಕಳುಹಿಸುತ್ತಿದ್ದೇನೆ. ಇದನ್ನು ಕೆಲಸಗಾರರ ಸಂಬಳ ಮತ್ತು ವಿಮೆಗೆ ಮಾತ್ರ ಬಳಸಬೇಕು ಎಂದು ಜೊತೆಗೆ ಒಂದು ಚೀಟಿ. ಮೊದಲ ವರ್ಷ ಅವರಿಂದ ಬಹಳ ವಿನಯದ ಪತ್ರ ಬಂತು: ತಮ್ಮ ರಸೀದಿ ಪುಸ್ತಕದಲ್ಲಿ ಅನ್ನದಾನ, ವಸ್ತ್ರದಾನ, ವಿದ್ಯಾದಾನ ಮತ್ತು ಮನೆ ನಿರ್ಮಾಣ ಎಂಬ ನಾಲ್ಕು ಬಾಬತ್ತುಗಳಿವೆ, ತಾವು ಸೂಚಿಸಿದ ಬಾಬತ್ತು ಇಲ್ಲ, ಆದ್ದರಿಂದ ಅನ್ನದಾನದಲ್ಲಿ ಜಮಾ ಮಾಡಲೇ ಎಂದು ಕೇಳಿದ್ದರು. ಬೇಡ, ಐದನೆಯ ಬಾಬತ್ತು ಅಚ್ಚು ಹಾಕಿಸಿ ಎಂದು ಬರೆದು, ಹೊಸ ರಸೀದಿ ಪುಸ್ತಕದ ಖರ್ಚನ್ನೂ ಸೇರಿಸಿ ಕಳುಹಿಸಿದೆ. ಈ ವರ್ಷದ ರಸೀದಿಯಲ್ಲಿ ಅದು ಬಂದಿದೆ. ವಿಳಾಸ ಬೇಕಾದವರು ನನಗೆ ಬರೆಯಿರಿ, ಕಳುಹಿಸುತ್ತೇನೆ.